ಚಿಗಟ ಕಾದು ಕೂರುವುದು ಗೋಣಿಯಲ್ಲಿ

ಮಳೆಗಾಲದಲ್ಲಿ ನಾಯಿ ಮರಿ ಹಾಕಿತೆಂದರೆ ಕೊಡಗಿನ ಮನೆಗಳಲ್ಲಿ ಮೊದಲು ಹುಡುಕುವುದು ಹಳೆಯ ಕಾಫಿ ಗೋಣಿಯನ್ನು. ಮರಿಗಳು ಮೈ ಕೆರೆದುಕೊಳ್ಳತೊಡಗಿದರೆ ಅವಕ್ಕೆ ಸ್ನಾನವಾಗುತ್ತದೆ, ಗೋಣಿ ಮಾತ್ರ ಜಗಲಿಯಲ್ಲೇ ಉಳಿಯುತ್ತದೆ. ತಪ್ಪುವುದು ಇಲ್ಲೇ.

ಮೈಮೇಲೆ ಕಾಣುವ ಚಿಗಟ ಒಟ್ಟು ಸಂಸಾರದಲ್ಲಿ ನೂರಕ್ಕೆ ಸುಮಾರು 5. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಅವು ಹೇನಿನ ಸೀರಿನಂತೆ ಕೂದಲಿಗೆ ಅಂಟದೆ, ಮಲಗಿದಲ್ಲೇ ಉದುರುತ್ತವೆ. ಮರಿಹುಳು ಬೆಳಕಿಗೆ ಹೆದರಿ ಗೋಣಿಯ ಎಳೆಗಳೊಳಗೆ ಸೇರಿ, ದೊಡ್ಡ ಚಿಗಟಗಳ ಹಿಕ್ಕೆಯಲ್ಲಿರುವ ಒಣ ರಕ್ತ ತಿಂದು ಬೆಳೆಯುತ್ತದೆ. ಒಣಹವೆಯಲ್ಲಿ ಅದು ಸಾಯುತ್ತದೆ. ಜಡಿಮಳೆಯ ನಮ್ಮ ಆಟಿ ತಿಂಗಳಲ್ಲಿ ಒಣಹವೆ ಎಲ್ಲಿಂದ ಬರಬೇಕು?

ಆಮೇಲಿನದು ಕೋಶ, ಎಂದರೆ ಮರಿಹುಳು ತನ್ನ ಸುತ್ತ ಗೂಡು ನೇಯ್ದುಕೊಂಡು ಕೂರುವ ಹಂತ. ಅಂಟು ಗೂಡಿನ ಮೇಲೆಲ್ಲ ದೂಳು ಮೆತ್ತಿಕೊಂಡು, ಎಳ್ಳಿನಲ್ಲಿ ಹೊರಳಿಸಿದ ಉಂಡೆಯಂತಾಗಿ ಕಣ್ಣಿಗೆ ಬೀಳುವುದಿಲ್ಲ. ಔಷಧಿಯೂ ಒಳಗಿಳಿಯದು. ಕಾಫಿ ಮೊಗ್ಗು ನೆನಪಿಸಿಕೊಳ್ಳಿ: ವಾರಗಟ್ಟಲೆ ಬಿಗಿದು ಸುಮ್ಮನಿದ್ದು, ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಚಿಗಟಕ್ಕೆ ಹೂಮಳೆಯೆಂದರೆ ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಕಾರ್ಬನ್ ಡೈಆಕ್ಸೈಡ್. ಅದಿಲ್ಲದೆ ತಿಂಗಳುಗಟ್ಟಲೆ ಕಾಯುತ್ತದೆ; ಸಿಕ್ಕಿತೋ, ಕ್ಷಣದಲ್ಲಿ ಹೊರಗೆ. ಬೀಗ ಹಾಕಿದ್ದ, ತೋಟದ ಕೆಲಸಗಾರರ ಲೈನ್ ಮನೆ ತೆರೆದೊಡನೆ ಕಾಲಿಗೆ ಮುತ್ತುವುದು ಹೀಗೆ. ಅದಕ್ಕೂ ದೋಷ, ಶಾಂತಿ ಎಂದು ಓಡಾಡುವವರನ್ನು ಕಂಡರೆ ಸಂಕಟವಾಗುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅದೇ ವರ್ಷ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್, ಇಲಿಯಿಂದ ಇಲಿಗೆ ಪ್ಲೇಗ್ ಸಾಗಿಸುವುದು ಚಿಗಟ ಎಂದು ಕಂಡುಕೊಂಡರು. ಅದು ಇಲಿಚಿಗಟ, ನಮ್ಮ ನಾಯಿಮರಿಗಳನ್ನು ಕಾಡುವುದು ಹೆಚ್ಚಾಗಿ ಬೆಕ್ಕಿನ ಚಿಗಟ.

ಮರಿಯ ಮೈಯಿಂದ ಕಪ್ಪು ಪುಡಿ ತೆಗೆದು ಒದ್ದೆ ಹತ್ತಿಯ ಮೇಲಿಡಿ. ಕೆಂಪು ಬಿಟ್ಟರೆ ಚಿಗಟ ಖಚಿತ. ಎಂಟು ವಾರ ತುಂಬದ ಮರಿಗೆ ಸೀರಣಿಗೆಯೇ ಮುಖ್ಯ ಆಯುಧ. ಕತ್ತು, ಹೊಟ್ಟೆ, ಬಾಲದ ಬುಡ ಬಾಚಿ, ಪ್ರತಿ ಸಲ ಸೋಪು ನೀರಿಗೆ ಅದ್ದಿ. ಬರಿ ನೀರಿನ ಮೇಲೆ ಚಿಗಟ ತೇಲಿ ಹಾರಿಬಿಡುತ್ತದೆ. ಸೋಪು ನೀರಿನ ಮೇಲ್ಪದರದ ಬಿಗುವು ಒಡೆಯುವುದರಿಂದ ಮುಳುಗುತ್ತದೆ. ಮೈ ತೊಳೆಯುವುದಾದರೆ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು. ಮೊದಲು ಕತ್ತಿನ ಸುತ್ತ ನೊರೆಯ ಪಟ್ಟಿ ಕಟ್ಟಿ, ಇಲ್ಲದಿದ್ದರೆ ಚಿಗಟಗಳೆಲ್ಲ ಕಿವಿ, ಕಣ್ಣಿನ ಕಡೆಗೆ ಓಡುತ್ತವೆ. ಹತ್ತು ನಿಮಿಷದೊಳಗೆ ಮುಗಿಸಿ ಕೂಡಲೇ ಒರೆಸಿ ಬೆಚ್ಚಗಿಡಿ. ಮಡಿಕೇರಿಯ ಚಳಿಯಲ್ಲಿ ಒದ್ದೆ ಮರಿಯನ್ನು ಚಿಗಟಕ್ಕಿಂತ ಬೇಗ ಚಳಿಯೇ ಕೊಲ್ಲುತ್ತದೆ.

ಸೀಮೆಎಣ್ಣೆ, ಫಿನಾಯಿಲ್, ಹೊಗೆಸೊಪ್ಪಿನ ನೀರು, ತೋಟಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್ ಯಾವುದೂ ಬೇಡ. ಎಲ್ಲವೂ ಮರಿಗೆ ವಿಷ. ನಾಯಿಗೆಂದು ಕೊಡುವ ಪರ್ಮೆಥ್ರಿನ್ ಔಷಧಿ ಬೆಕ್ಕಿನಮರಿಗೆ ಮಾರಕ, ಅದರ ಯಕೃತ್ತು ಅದನ್ನು ಅರಗಿಸಲಾರದು. ಎಳೆಮರಿಗೂ ಆಗುವ ಫಿಪ್ರೊನಿಲ್ ಸ್ಪ್ರೇ ಇದೆ, ಪಶುವೈದ್ಯರು ತೂಕ ನೋಡಿ ಹೇಳಿದಷ್ಟೇ ಹಾಕಬೇಕು. ತಾಯಿಗೂ ಮನೆಯ ಬೆಕ್ಕಿಗೂ ಅವುಗಳಿಗೆ ಹೊಂದುವ ಔಷಧಿ ಅದೇ ದಿನ ಆಗಲಿ.

ಗೋಣಿಯನ್ನು ಸುಟ್ಟುಬಿಡಿ. ಬದಲಿಗೆ ಹಳೆಯ ಹತ್ತಿ ಬಟ್ಟೆ ಹಾಸಿ, ಮೂರು ದಿನಕ್ಕೊಮ್ಮೆ ಕುದಿಯುವ ನೀರಲ್ಲಿ ಅದ್ದಿ ಒಗೆಯಿರಿ. ನೆಲದ ಬಿರುಕುಗಳನ್ನು ದಿನಾ ಗುಡಿಸಿ ಕಸವನ್ನು ಸೋಪು ನೀರಿಗೆ ಹಾಕಿ. ಎರಡು-ಮೂರು ವಾರಕ್ಕೆ ಮತ್ತೆ ಚಿಗಟ ಕಂಡರೆ ಔಷಧಿ ಸೋತಿತೆಂದು ಬಿಡಬೇಡಿ, ಹಳೆಯ ಕೋಶಗಳು ಒಡೆಯುತ್ತಿವೆ. ಮೂರು ತಿಂಗಳಾದರೂ ಮುಂದುವರಿಸಿ. ಒಸಡು ಬಿಳಿಚಿದ್ದರೆ ರಕ್ತ ತೀರಾ ಇಳಿದಿದೆ, ಆ ದಿನವೇ ವೈದ್ಯರ ಬಳಿ ಒಯ್ಯಿರಿ. ಬಾಲದಡಿ ಅಕ್ಕಿಕಾಳಿನಂಥದ್ದು ಕಂಡರೆ ಅದು ಮರಿ ಚಿಗಟವನ್ನು ನುಂಗಿದ್ದರಿಂದ ಬಂದ ಲಾಡಿಹುಳುವಿನ ತುಂಡು, ಅದಕ್ಕೆ ಬೇರೆ ಮಾತ್ರೆ ಬೇಕು.