ಎಲ್ಲಿ ‘ಎ’, ಎಲ್ಲಿ ‘ಆ್ಯನ್’: ಉತ್ತರ ಕಿವಿಯಲ್ಲಿದೆ

ಇಂಗ್ಲಿಷ್ ಕಲಿಯುವವರು ಇಂದಲ್ಲ ನಾಳೆ ಕೇಳಿಯೇ ಕೇಳುವ ಪ್ರಶ್ನೆಯೊಂದಿದೆ. ‘ಅಂಬ್ರೆಲಾ’ ಮತ್ತು ‘ಯುನಿವರ್ಸಿಟಿ’ ಎರಡೂ ಬರವಣಿಗೆಯಲ್ಲಿ ‘ಯು’ ಎಂಬ ಒಂದೇ ಅಕ್ಷರದಿಂದ ಆರಂಭವಾಗುವಾಗ, ಮೊದಲನೆಯದಕ್ಕೆ ‘ಆ್ಯನ್’ ಬೇಕು, ಎರಡನೆಯದಕ್ಕೆ ‘ಎ’ ಸಾಕು ಎನ್ನುವುದೇಕೆ? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಗಂಟೆ ಎಂಬ ಅರ್ಥದ ‘ಅವರ್’ ಪದದ ಮೊದಲ ಅಕ್ಷರ ‘ಎಚ್’ ವ್ಯಂಜನವಾಗಿದ್ದರೂ ‘ಆ್ಯನ್ ಅವರ್’ ಹೇಗೆ ಸರಿ? ಎಷ್ಟೋ ತರಗತಿಗಳಲ್ಲಿ ಇವಕ್ಕೆ ಸಿಗುವ ಉತ್ತರ ‘ಅದು ಅಪವಾದ, ಬಾಯಿಪಾಠ ಮಾಡಿಕೊಳ್ಳಿ’ ಎಂಬುದು. ಈ ಉತ್ತರ ನನ್ನಲ್ಲಿ ಪ್ರತಿಸಲವೂ ಅಸಹನೆ ಹುಟ್ಟಿಸುತ್ತದೆ, ಏಕೆಂದರೆ ಇಲ್ಲಿ ಅಪವಾದವೆಂಬುದೇ ಇಲ್ಲ. ‘ಎ, ಇ, ಐ, ಒ, ಯು ಅಕ್ಷರಗಳಿಂದ ಆರಂಭವಾಗುವ ಪದಗಳಿಗೆ ಆ್ಯನ್’ ಎಂಬ ಪಾಠವೇ ಮೂಲದಲ್ಲಿ ತಪ್ಪು. ಇಂಗ್ಲಿಷಿನವರು ಆರ್ಟಿಕಲ್ ಆರಿಸಿಕೊಳ್ಳುವುದು ಮುಂದಿನ ಪದದ ಮೊದಲ ಧ್ವನಿಯನ್ನು ಕೇಳಿ. ‘ಯುನಿವರ್ಸಿಟಿ’ಯ ಮೊದಲ ಧ್ವನಿ ‘ಯ್’ ಎಂಬ ವ್ಯಂಜನ. ‘ಅವರ್’ ಪದದ ಮೊದಲ ಧ್ವನಿ ‘ಅ’ ಎಂಬ ಸ್ವರ.

ಕನ್ನಡಿಗರಿಗೆ ಈ ನಿಯಮವನ್ನು ಹೊಸದಾಗಿ ಕಲಿಸಬೇಕಾದ ಅಗತ್ಯವೇ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಸಂಸ್ಕೃತದಿಂದ ಬಂದು ನಮ್ಮ ದಿನನಿತ್ಯದ ಮಾತಿನಲ್ಲಿ ಬೆರೆತುಹೋದ ನಿಷೇಧದ ಉಪಸರ್ಗವನ್ನೇ ಗಮನಿಸಿ. ಶಾಂತಿ ಇಲ್ಲದಿದ್ದರೆ ಅಶಾಂತಿ, ಸತ್ಯವಲ್ಲದ್ದು ಅಸತ್ಯ, ನ್ಯಾಯವಲ್ಲದ್ದು ಅನ್ಯಾಯ. ಇಲ್ಲೆಲ್ಲ ‘ಅ’ ಸಾಕಾಯಿತು. ಆದರೆ ಆರೋಗ್ಯ ಕೆಟ್ಟಾಗ ಯಾರೂ ‘ಅಆರೋಗ್ಯ’ ಎನ್ನುವುದಿಲ್ಲ, ಅನಾರೋಗ್ಯ ಎನ್ನುತ್ತಾರೆ. ಉಚಿತವಲ್ಲದ್ದು ಅನುಚಿತ, ಅಂತವಿಲ್ಲದ್ದು ಅನಂತ, ಐಕ್ಯವಿಲ್ಲದ್ದು ಅನೈಕ್ಯ. ಮುಂದಿನ ಧ್ವನಿ ವ್ಯಂಜನವಾದರೆ ‘ಅ’, ಸ್ವರವಾದರೆ ‘ಅನ್’. ಇನ್ನೂ ಸೊಗಸಾದ ಸಂಗತಿಯೆಂದರೆ, ಹೆಚ್ಚುಕಡಿಮೆ ಒಂದೇ ಅರ್ಥದ ‘ಅನರ್ಹ’ ಮತ್ತು ‘ಅಯೋಗ್ಯ’ ಎಂಬ ಪದಗಳು ನಮ್ಮ ಕಲಿಕೆಗಾರನ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತವೆ. ‘ಅರ್ಹ’ ಸ್ವರದಿಂದ ಆರಂಭವಾಗುವುದರಿಂದ ‘ಅಂಬ್ರೆಲಾ’ದಂತೆ ‘ನ್’ ಪಡೆಯಿತು. ‘ಯೋಗ್ಯ’ ಯಕಾರದಿಂದ ಆರಂಭವಾಗುವುದರಿಂದ ‘ಯುನಿವರ್ಸಿಟಿ’ಯಂತೆ ಬರಿಯ ‘ಅ’ ಪಡೆಯಿತು. ‘ಅವಿಶ್ವಾಸ’ ಎನ್ನುವ ಬಾಯಿಗೆ ‘ಎ ವಿಲೇಜ್’, ‘ಅಹಿಂಸೆ’ ಎನ್ನುವ ಬಾಯಿಗೆ ‘ಎ ಹೌಸ್’ ತೊಡಕಾಗಬೇಕಾದ ಕಾರಣವಿಲ್ಲ. ಈ ಎರಡು ‘ಅನ್’ಗಳ ಹುಟ್ಟು ಬೇರೆ ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ನಮ್ಮದು ‘ಇಲ್ಲ’ ಎನ್ನುವ ‘ಅನ್’, ಇಂಗ್ಲಿಷಿನದು ‘ಒಂದು’ ಎನ್ನುವ ‘ಅನ್’. ಬೇರೆ ಬೇರೆ ಬೇರುಗಳಿಂದ ಬಂದ ಎರಡು ರೂಪಗಳು ಒಂದೇ ದಾರಿ ಹಿಡಿದಿರುವುದರಿಂದ, ಆ ದಾರಿಯನ್ನು ಹಾಕಿಕೊಟ್ಟದ್ದು ವ್ಯಾಕರಣಕಾರರ ಆಜ್ಞೆಯಲ್ಲ, ಮನುಷ್ಯನ ಬಾಯಿಯ ರಚನೆಯೇ ಎಂದು ತಿಳಿಯಬಹುದು.

ಎರಡು ಸ್ವರಗಳು ಎದುರುಬದುರಾದಾಗ ಉಸಿರಿಗೆ ತಡೆಯೇ ಇರುವುದಿಲ್ಲ; ಒಂದು ಸ್ವರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಆರಂಭವಾಯಿತು ಎಂದು ಕೇಳುವವನಿಗೆ ತಿಳಿಯುವುದು ಕಷ್ಟ. ಗಾರೆಯಿಲ್ಲದೆ ಜೋಡಿಸಿದ ಎರಡು ನುಣುಪು ಕಲ್ಲುಗಳು ಒಂದರ ಮೇಲೊಂದು ಜಾರುವಂತೆ, ನಡುವೆ ಬದುವಿಲ್ಲದ ಎರಡು ಗದ್ದೆಗಳ ನೀರು ಒಂದಾಗಿಬಿಡುವಂತೆ, ಅವು ಒಂದರೊಳಗೊಂದು ಕರಗಿಬಿಡುತ್ತವೆ. ಲೋಕದ ಅನೇಕ ಭಾಷೆಗಳು ಇದಕ್ಕೆ ಪರಿಹಾರ ಕಂಡುಕೊಂಡಿವೆ. ಕನ್ನಡವು ಕೆಲವೊಮ್ಮೆ ಒಂದು ಸ್ವರವನ್ನೇ ಬಿಟ್ಟುಕೊಡುತ್ತದೆ: ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’. ಕೆಲವೊಮ್ಮೆ ನಡುವೆ ಬದು ಹಾಕುತ್ತದೆ: ಮನೆಯಲ್ಲಿ, ಮಗುವನ್ನು. ಲೋಪಸಂಧಿ, ಆಗಮಸಂಧಿ ಎಂದು ಶಾಲೆಯಲ್ಲಿ ಕಲಿತು ಪರೀಕ್ಷೆ ಮುಗಿದ ಮೇಲೆ ಮರೆತದ್ದು ಇದನ್ನೇ. ಬ್ರಿಟಿಷ್ ಉಚ್ಚಾರಣೆಯಲ್ಲಿ ‘ಲಾ ಆ್ಯಂಡ್ ಆರ್ಡರ್’ ಎಂಬುದು ಎಷ್ಟೋ ಜನರ ಬಾಯಲ್ಲಿ ‘ಲಾರಂಡ್ ಆರ್ಡರ್’ ಆಗುವುದು ಕೂಡ ಇಂಥದ್ದೇ ಬದು. ತಮಿಳಿನಲ್ಲಂತೂ ‘ಒಂದು’ ಎಂಬ ಅರ್ಥದ ಪದವೇ ಹೀಗೆ ರೂಪ ಬದಲಿಸುತ್ತದೆ: ವ್ಯಂಜನದ ಮುಂದೆ ‘ಒರು’, ಸ್ವರದ ಮುಂದೆ ‘ಓರ್’.

ಇಂಗ್ಲಿಷಿನ ‘ಆ್ಯನ್’ ಆಗಮವೋ ಲೋಪವೋ ಎಂಬುದನ್ನು ಇಲ್ಲಿ ಕೇಳಿಕೊಳ್ಳಲೇಬೇಕು. ‘ಎ’ ಎಂಬುದೇ ಮೂಲ, ಸ್ವರ ಬಂದಾಗ ‘ನ್’ ಸೇರಿಸುತ್ತೇವೆ ಎಂದು ಎಲ್ಲರೂ ಭಾವಿಸುತ್ತಾರೆ; ಇತಿಹಾಸ ಇದಕ್ಕೆ ತದ್ವಿರುದ್ಧವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬುದಕ್ಕೆ ‘ಆನ್’ ಎಂಬ ದೀರ್ಘಸ್ವರದ ಪದವಿತ್ತು. ಒತ್ತಿ ಹೇಳಿದಾಗ ಅದು ಮುಂದೆ ‘ಒನ್’ ಎಂಬ ಸಂಖ್ಯಾವಾಚಕವಾಯಿತು. ಒತ್ತಿಲ್ಲದೆ, ಮುಂದಿನ ಪದದ ನೆರಳಿನಲ್ಲಿ ಹೇಳಿದಾಗ ಸವೆದು ‘ಆ್ಯನ್’ ಆಯಿತು. 12ನೆಯ ಶತಮಾನದಿಂದಾಚೆಗೆ ವ್ಯಂಜನಗಳ ಮುಂದೆ ಅದರ ನಕಾರವೂ ಕ್ರಮೇಣ ಬಿದ್ದುಹೋಗಿ ‘ಎ’ ಉಳಿಯಿತು. ಕೇಶಿರಾಜನು ಕನ್ನಡದ ಸಂಧಿಗಳನ್ನು ಸೂತ್ರಗಳಲ್ಲಿ ಹಿಡಿದಿಟ್ಟ 13ನೆಯ ಶತಮಾನದಲ್ಲಿ ಇಂಗ್ಲಿಷ್ ತನ್ನ ನಕಾರವನ್ನು ಕಳೆದುಕೊಳ್ಳುತ್ತಲೇ ಇತ್ತು ಎಂಬುದನ್ನು ನೆನೆದರೆ ನನಗೆ ರೋಮಾಂಚನವಾಗುತ್ತದೆ. ‘ಮೈನ್’ ಪದ ಸವೆದು ‘ಮೈ’ ಆದದ್ದೂ ‘ನನ್’ ಪದದಿಂದ ‘ನೋ’ ಬೇರ್ಪಟ್ಟದ್ದೂ ಹೀಗೆಯೇ. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಸ್ವರದ ಮುಂದೆ ‘ಮೈನ್ ಐಸ್’ (ನನ್ನ ಕಣ್ಣುಗಳು) ಎಂದೂ, ವ್ಯಂಜನದ ಮುಂದೆ ‘ಮೈ ಸನ್’ (ನನ್ನ ಮಗ) ಎಂದೂ ಇರುವುದನ್ನು ಕಾಣಬಹುದು.

ಉಳಿದ ಆ ನಕಾರವು ಉಚ್ಚಾರಣೆಯಲ್ಲಿ ಹಿಂದಿನ ಪದದಲ್ಲಿ ನಿಲ್ಲುವುದಿಲ್ಲ, ಮುಂದಿನ ಸ್ವರವನ್ನು ಹತ್ತಿಕೊಳ್ಳುತ್ತದೆ. ನಮ್ಮ ಕಾಗುಣಿತವು ‘ಅನಾರೋಗ್ಯ’ದಲ್ಲಿ ನಕಾರವನ್ನು ‘ಆ’ಕಾರದೊಡನೆ ಕೂಡಿಸಿ ‘ನಾ’ ಎಂದೇ ಬರೆದು ಇದನ್ನು ಕಣ್ಣಿಗೂ ತೋರಿಸುತ್ತದೆ. ರೋಮನ್ ಲಿಪಿ ನಡುವೆ ತೆರವು ಬಿಟ್ಟು ಅದನ್ನು ಮರೆಮಾಚುತ್ತದೆ. ಆದರೆ ಓದು ಬಾರದ ಹಿಂದಿನ ಕಾಲದ ಇಂಗ್ಲಿಷ್ ರೈತನಿಗೆ ಆ ತೆರವು ಕಾಣುತ್ತಿರಲಿಲ್ಲ; ಅವನಿಗಿದ್ದದ್ದು ಕಿವಿ ಮಾತ್ರ. ಹಾಗಾಗಿ ನಕಾರ ಯಾವ ಪದಕ್ಕೆ ಸೇರಿದ್ದು ಎಂಬ ಗೊಂದಲದಲ್ಲಿ ಕೆಲವು ಪದಗಳ ರೂಪವೇ ಬದಲಾಯಿತು. ಅಡುಗೆಮನೆಯ ‘ಏಪ್ರನ್’ ಮೊದಲು ‘ನೇಪ್ರನ್’ ಆಗಿತ್ತು. ‘ನ್ಯಾಪ್ಕಿನ್’ ಅದರ ಹತ್ತಿರದ ಸಂಬಂಧಿ. ‘ಆ್ಯಡರ್’ ಎಂಬ ಹಾವಿಗೂ ಕ್ರಿಕೆಟ್ಟಿನ ‘ಅಂಪೈರ್’ಗೂ ಮೊದಲಲ್ಲಿ ನಕಾರವಿತ್ತು. ಇದಕ್ಕೆ ವಿರುದ್ಧವಾಗಿ, ‘ಹೆಚ್ಚುವರಿ ಹೆಸರು’ ಎಂಬ ಅರ್ಥದ ‘ಈಕ್‌ನೇಮ್’ ಪಕ್ಕದ ನಕಾರವನ್ನು ಎಳೆದುಕೊಂಡು ‘ನಿಕ್‌ನೇಮ್’ ಆಯಿತು. ‘ಆರೆಂಜ್’ ಪದವನ್ನೂ ಈ ಪಟ್ಟಿಗೆ ಸೇರಿಸುವ ರೂಢಿಯಿದೆ, ಅದು ಸರಿಯಲ್ಲ. ದ್ರಾವಿಡ ಮೂಲದ್ದೆಂದು ಬಹಳಷ್ಟು ವಿದ್ವಾಂಸರು ಭಾವಿಸುವ ಈ ಪದ ಸಂಸ್ಕೃತದ ‘ನಾರಂಗ’, ಪರ್ಷಿಯನ್ನಿನ ‘ನಾರಂಗ್’, ಅರಬ್ಬಿಯ ‘ನಾರಂಜ್’ ಆಗಿ ಯುರೋಪನ್ನು ತಲುಪಿದಾಗ, ಅದು ನಕಾರವನ್ನು ಕಳೆದುಕೊಂಡದ್ದು ಇಂಗ್ಲಿಷಿಗೆ ಬರುವ ಮೊದಲೇ. ಸ್ಪ್ಯಾನಿಷಿನ ‘ನರಾಂಹ’ ಅದನ್ನು ಇಂದಿಗೂ ಉಳಿಸಿಕೊಂಡಿದೆ.

ಪದಗಳ ಉಚ್ಚಾರಣೆ ಬದಲಾದಂತೆ ಆರ್ಟಿಕಲ್ ಕೂಡ ಬದಲಾಗಿದೆ. 1787ರ ಅಮೆರಿಕದ ಸಂವಿಧಾನದಲ್ಲಿ ಪೌರತ್ವದ ಕುರಿತಾದ ಮಾತಿನಲ್ಲಿ ‘ಆ್ಯನ್ ಯೂನಿಫಾರ್ಮ್ ರೂಲ್’ ಎಂದಿದೆ; ಇಂದು ಅದನ್ನು ಬರೆಯುವವರು ‘ಎ ಯೂನಿಫಾರ್ಮ್’ ಎನ್ನುತ್ತಾರೆ. ‘ಹರ್ಬ್’ ಎಂಬ ಪದದಲ್ಲಿ ಬ್ರಿಟನ್ನಿನವರು ಹಕಾರವನ್ನು ಉಚ್ಚರಿಸುವುದರಿಂದ ‘ಎ’ ಹಚ್ಚುತ್ತಾರೆ, ಅಮೆರಿಕನ್ನರು ಅದನ್ನು ನುಂಗಿ ‘ಅರ್ಬ್’ ಎನ್ನುವುದರಿಂದ ‘ಆ್ಯನ್’ ಹಚ್ಚುತ್ತಾರೆ, ಇಬ್ಬರೂ ಸರಿ. ‘ಒನ್’ ಎಂಬ ಪದದ ಮೊದಲಿಗೆ ಮುಂಚೆ ಇಲ್ಲದಿದ್ದ ವಕಾರವು ಪಶ್ಚಿಮ ಇಂಗ್ಲೆಂಡಿನ ಆಡುಮಾತಿನಿಂದ ಬಂದು ಸೇರಿಕೊಂಡಿತು. ‘ಓನ್ಲಿ’, ‘ಅಲೋನ್’ ಪದಗಳಲ್ಲಿ ಮಾತ್ರ ಹಳೆಯ ಉಚ್ಚಾರಣೆ ಉಳಿದಿದೆ. ಆದ್ದರಿಂದಲೇ ಒಂದು ರೂಪಾಯಿಯ ನಾಣ್ಯಕ್ಕೆ ‘ಎ ಒನ್ ರುಪೀ ಕಾಯಿನ್’ ಎನ್ನಬೇಕು.

ಇಂಗ್ಲೆಂಡಿನ ಹಳ್ಳಿಯ ಜನ ‘ಒ’ಕಾರದ ಮುಂದೆ ವಕಾರ ಸೇರಿಸಿದ್ದು ನಮಗೆ ವಿಚಿತ್ರವೆನಿಸಬಾರದು. ನಾವು ‘ಒಂದು’ ಎಂದು ಬರೆದು ‘ವೊಂದು’ ಎನ್ನುತ್ತೇವೆ, ‘ಎಂಟು’ ಎಂದು ಬರೆದು ‘ಯೆಂಟು’ ಎನ್ನುತ್ತೇವೆ. ಇದೇ ಅಭ್ಯಾಸದಿಂದ ‘ಎಗ್’ ಪದವನ್ನು ‘ಯೆಗ್’ ಎಂದು ಉಚ್ಚರಿಸುವ ವಿದ್ಯಾರ್ಥಿ ‘ಎ ಎಗ್’ ಎಂದು ಬರೆದರೆ, ಅವನ ಉಚ್ಚಾರಣೆಗೆ ತಕ್ಕ ಆರ್ಟಿಕಲನ್ನೇ ಅವನ ಕಿವಿ ಆರಿಸಿದೆ. ಅವನಿಗೆ ತಿದ್ದಿಕೊಡಬೇಕಾದದ್ದು ವ್ಯಾಕರಣವನ್ನಲ್ಲ, ಮೊದಲ ಧ್ವನಿಯನ್ನು. ಅದನ್ನು ಹೇಳದೆ ಕೆಂಪು ಶಾಯಿಯಲ್ಲಿ ಗೀಟು ಎಳೆದರೆ, ಅವನು ಸರಿಯಾಗಿ ಕೆಲಸ ಮಾಡುತ್ತಿರುವ ತನ್ನ ಕಿವಿಯನ್ನೇ ನಂಬದಂತಾಗುತ್ತಾನೆ.

ಸಂಕ್ಷಿಪ್ತ ರೂಪಗಳಲ್ಲಿಯೂ ಕಿವಿಯದೇ ತೀರ್ಮಾನ. ಎಂಎಲ್‌ಎ, ಎಫ್‌ಐಆರ್, ಎಕ್ಸ್‌ರೇ ಇವುಗಳ ಮೊದಲ ಅಕ್ಷರ ವ್ಯಂಜನವಾದರೂ ಅದರ ಹೆಸರು ‘ಎ’ ಧ್ವನಿಯಿಂದ ಆರಂಭವಾಗುವುದರಿಂದ ‘ಆ್ಯನ್’ ಬರುತ್ತದೆ. ಯುಪಿಐಗೆ ‘ಎ’ ಬರುತ್ತದೆ. ಇನ್ನು ಬೆಂಗಳೂರಿನಲ್ಲಿ ತಯಾರಾಗಿ ಒಂದು ಕಾಲಕ್ಕೆ ಎಷ್ಟೋ ಮದುವೆಗಳಲ್ಲಿ ಉಡುಗೊರೆಯಾಗಿದ್ದ ಕೈಗಡಿಯಾರವನ್ನು ನಮ್ಮಲ್ಲಿ ಕೆಲವರು ಎಚ್‌ಎಂಟಿ ಎಂದರೆ, ಕೆಲವರು ಹೆಚ್‌ಎಂಟಿ ಎನ್ನುತ್ತಾರೆ. ‘ಎಚ್’ ಎನ್ನುವವರ ಬಾಯಲ್ಲಿ ‘ಆ್ಯನ್ ಎಚ್‌ಎಂಟಿ ವಾಚ್’ ಸರಿ, ‘ಹೆಚ್’ ಎನ್ನುವವರ ಬಾಯಲ್ಲಿ ‘ಎ ಹೆಚ್‌ಎಂಟಿ ವಾಚ್’ ಸರಿ. ಇಂಗ್ಲಿಷ್ ನಿಘಂಟುಗಳು ಈ ಅಕ್ಷರಕ್ಕೆ ಮೊದಲು ಕೊಡುವ ಉಚ್ಚಾರಣೆ ಹಕಾರವಿಲ್ಲದ್ದಾದ್ದರಿಂದ, ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ ‘ಆ್ಯನ್’ ಬರೆಯುವುದು ಕ್ಷೇಮ.