ಕಹಿ ಮರಗೆಣಸು ಗಾರಿಯಾಗುವ ಬಗೆ

ಚೆನ್ನಾಗಿ ಬೇಯಿಸಿದರೆ ಯಾವ ವಿಷವಾದರೂ ಹೋಗುತ್ತದೆ ಎಂಬ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿ ಬೇರೂರಿದೆ. ಕಹಿ ಮರಗೆಣಸಿನ ವಿಷಯದಲ್ಲಿ ಈ ನಂಬಿಕೆ ಪ್ರಾಣಕ್ಕೇ ಎರವಾಗಬಹುದು. ನಮಗೆ ಸಬ್ಬಕ್ಕಿ ಕೊಡುವ ಈ ಗೆಡ್ಡೆಯ ಕಹಿ ತಳಿಗಳನ್ನು ಇಡಿಯಾಗಿ ಕುದಿಯುವ ನೀರಿಗೆ ಹಾಕಿದರೆ, ವಿಷಕ್ಕಿಂತ ಮೊದಲು ಆ ವಿಷವನ್ನು ಹೊರಗೆಡಹಬಲ್ಲ ಕಿಣ್ವವೇ ನಾಶವಾಗುತ್ತದೆ. ನೈಜೀರಿಯಾ, ಬೆನಿನ್, ಟೋಗೊ, ಘಾನಾಗಳ ಹಳ್ಳಿಯ ಹೆಂಗಸರು ಇದನ್ನು ‘ಗಾರಿ’ ಎಂಬ ಹುರಿದ ಹರಳುಹಿಟ್ಟು ಮಾಡುವಾಗ ಮೊದಲು ತುರಿಯುತ್ತಾರೆ, ಬೆಂಕಿಗೆ ಇಡುವುದು ಕೊನೆಯಲ್ಲಿ. ಎಲ್ಲ ಗುಟ್ಟೂ ಈ ಕ್ರಮದಲ್ಲಿದೆ.

ಮರಗೆಣಸಿನಲ್ಲಿ ಸಯನೈಡ್ ಬಿಡಿಯಾಗಿ ಇರುವುದಿಲ್ಲ. ಅದು ಸಕ್ಕರೆಯೊಡನೆ ಬೆಸೆದುಕೊಂಡು, ಲಿನಾಮರಿನ್ ಎಂಬ ಸಂಯುಕ್ತವಾಗಿ ಜೀವಕೋಶದ ರಸದಾನಿಯಲ್ಲಿ ಅಡಗಿರುತ್ತದೆ. ಅದನ್ನು ಒಡೆಯುವ ಲಿನಾಮರೇಸ್ ಕಿಣ್ವ ಇರುವುದು ಕೋಶಭಿತ್ತಿಯಲ್ಲಿ. ಅರಿಸಿನ ಮತ್ತು ಸುಣ್ಣ ಬೇರೆ ಬೇರೆ ಬಟ್ಟಲಲ್ಲಿ ಇರುವವರೆಗೆ ಕೆಂಪು ಹುಟ್ಟದಂತೆ, ಇವೆರಡೂ ಸೇರುವವರೆಗೆ ಏನೂ ನಡೆಯುವುದಿಲ್ಲ. ಮೊಳೆಯಿಂದ ತೂತು ಹೊಡೆದ ತಗಡಿನ ಮೇಲೆ ಸಿಪ್ಪೆ ಸುಲಿದ ಗೆಡ್ಡೆಯನ್ನು ಉಜ್ಜಿದಾಗ ಕೋಶಗಳು ಹರಿದು, ಕಿಣ್ವವೂ ಲಿನಾಮರಿನ್ನೂ ಒಂದೇ ರಸದಲ್ಲಿ ಬೆರೆಯುತ್ತವೆ. ಕೆಲವೇ ಗಂಟೆಗಳಲ್ಲಿ ಲಿನಾಮರಿನ್‌ನ ಬಹುಪಾಲು ಒಡೆದು ಗ್ಲೂಕೋಸ್ ಮತ್ತು ಅಸಿಟೋನ್ ಸಯನೋಹೈಡ್ರಿನ್ ಆಗುತ್ತದೆ. ಎರಡನೆಯದು ಮತ್ತೆ ಒಡೆದಾಗ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಈ ವಸ್ತು ಗಾಳಿಗೆ ಹಾರಿಹೋಗುತ್ತದೆ.

ತುರಿಯನ್ನು ಚೀಲಕ್ಕೆ ತುಂಬಿ, ಮೇಲೆ ಭಾರವಾದ ಕಲ್ಲುಗಳನ್ನು ಹೇರಿ, ಕೆಲವು ದಿನ ಬಿಡುತ್ತಾರೆ. ಹಿಂಡಿ ಸೋರುವ ರಸದೊಡನೆ ನೀರಿನಲ್ಲಿ ಕರಗುವ ವಿಷಾಂಶವೂ ಹೋಗುತ್ತದೆ, ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಹಿಟ್ಟಿಗೆ ಹುಳಿ ತರುತ್ತವೆ. ಈ ಹುಳಿಯೇ ವಿಷವನ್ನು ತಿಂದುಹಾಕುತ್ತದೆ ಎಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ. ಹುಳಿ ಹೆಚ್ಚಿ ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 5ಕ್ಕಿಂತ ಕೆಳಗಿಳಿದರೆ ಸಯನೋಹೈಡ್ರಿನ್ ತಾನಾಗಿ ಒಡೆಯದೆ ಉಳಿದುಕೊಳ್ಳುತ್ತದೆ. ಹೀಗೆ ಉಳಿದುದನ್ನು ಹೊರಡಿಸಲು ಬೆಂಕಿ ಬೇಕು. ಗಟ್ಟಿಯಾದ ಹಿಟ್ಟನ್ನು ಪುಡಿಮಾಡಿ, ಜರಡಿ ಹಿಡಿದು, ಅಗಲವಾದ ಬಾಣಲೆಯಲ್ಲಿ ಸೋರೆಬುರುಡೆಯ ಚೂರಿನಿಂದ ಒತ್ತುತ್ತ, ತಿರುವುತ್ತ ಹುರಿಯುವಾಗ ಸಯನೋಹೈಡ್ರಿನ್ ಒಡೆದು ಆವಿಯೊಡನೆ ಹೊರಟುಹೋಗುತ್ತದೆ. ಪಿಷ್ಟ ಅರೆಬೆಂದು ಒಣಗಿ, ತಿಂಗಳುಗಟ್ಟಲೆ ಕೆಡದ ಹರಳಾಗುತ್ತದೆ.

ಈ ಗೆಡ್ಡೆ ಆಫ್ರಿಕದ್ದಲ್ಲ. ಅದರ ತವರು ದಕ್ಷಿಣ ಅಮೆರಿಕ; 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಆಫ್ರಿಕಕ್ಕೆ ತಂದರು. ಅಮೆಜಾನಿನ ಮೂಲನಿವಾಸಿಗಳು ತುರಿದ ಮರಗೆಣಸನ್ನು ಹೆಣೆದ ಉದ್ದನೆಯ ಕೊಳವೆಯೊಳಗೆ ತುಂಬಿ, ಜಗ್ಗಿ ಹಿಂಡಿ, ಹುರಿಯುವ ವಿದ್ಯೆಯನ್ನು ಅದಕ್ಕೂ ಬಹಳ ಹಿಂದೆಯೇ ಬಲ್ಲವರಾಗಿದ್ದರು. 19ನೇ ಶತಮಾನದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಬ್ರೆಜಿಲ್‌ನಿಂದ ಲಾಗೋಸ್, ವೀದಾ ಮುಂತಾದ ಪಶ್ಚಿಮ ಆಫ್ರಿಕದ ಕರಾವಳಿ ಪಟ್ಟಣಗಳಿಗೆ ಮರಳಿದವರು ಆ ಜ್ಞಾನ ಹರಡುವುದಕ್ಕೆ ಮುಖ್ಯ ಕಾರಣರಾದರೆಂದು ಇತಿಹಾಸಕಾರರು ಗುರುತಿಸುತ್ತಾರೆ. ಸಾಗರದಾಚೆ ಸೆರೆಯಾಗಿ ಹೋದವರ ಪೀಳಿಗೆ ಒಂದು ಅಡುಗೆಯ ರಸಾಯನವನ್ನು ಹೊತ್ತು ಹಿಂತಿರುಗಿತೆಂಬುದು ನನಗೆ ಈ ಕಥೆಯಲ್ಲೇ ಅತ್ಯಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಊಟದ ಹೊತ್ತಿಗೆ ಗಾರಿಯನ್ನು ಬಿಸಿನೀರಿಗೆ ಸುರಿದು ತಿರುವಿ, ಮುದ್ದೆಯಂಥ ‘ಎಬಾ’ ಮಾಡುತ್ತಾರೆ. ಜೊತೆಗೆ ಎಗುಸಿ ಎಂಬ ಕಲ್ಲಂಗಡಿ ಜಾತಿಯ ಕಾಯಿಯ ಬೀಜದ ಪುಡಿ, ತಾಳೆ ಎಣ್ಣೆ, ಒಣಮೀನು ಹಾಕಿದ ಸಾರು. ಈ ಸಾರು ನಾಲಗೆಯ ರುಚಿಗಷ್ಟೇ ಅಲ್ಲ. ಅಳಿದುಳಿದ ಸಯನೈಡನ್ನು ನಮ್ಮ ದೇಹದ ರೋಡನೀಸ್ ಕಿಣ್ವವು ಥಯೋಸಯನೇಟ್ ಆಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಅದಕ್ಕೆ ಬೇಕಾದ ಗಂಧಕ ಮುಖ್ಯವಾಗಿ ಪ್ರೋಟೀನಿನಿಂದ ಬರಬೇಕು, ಮರಗೆಣಸಿನಲ್ಲಾದರೋ ಪ್ರೋಟೀನು ತೀರ ಕಡಿಮೆ. ಖಂಡದ ಇನ್ನೊಂದು ಬದಿಯ ಮೊಜಾಂಬಿಕ್‌ನಲ್ಲಿ 1981ರ ಬರಗಾಲದಲ್ಲಿ ಕಹಿ ಮರಗೆಣಸನ್ನು ಸರಿಯಾಗಿ ಹದಗೊಳಿಸುವಷ್ಟು ಪುರುಸೊತ್ತೂ ಇರಲಿಲ್ಲ, ತಟ್ಟೆಯಲ್ಲಿ ಬೇಳೆಕಾಳು, ಮೀನೂ ಇರಲಿಲ್ಲ. ‘ಕೊಂಜೊ’ ಎಂಬ ರೋಗ ಹಬ್ಬಿ ಸಾವಿರಕ್ಕೂ ಹೆಚ್ಚು ಜನರ ಕಾಲುಗಳು ಸೆಟೆದುಕೊಂಡವು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಆ ನರಗಳ ಹಾನಿ ಮತ್ತೆ ಗುಣವಾಗುವಂಥದ್ದಲ್ಲ.