ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೆ ಡಿಡಾಸ್ ದಾಳಿ ನಿಲ್ಲುತ್ತದೆಯೇ?

ಪ್ರಶ್ನೆ: ಮಲ್ಪೆಯ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ರಜೆಯ ಬುಕಿಂಗ್ ಶುರುವಾಗುತ್ತಿದ್ದಂತೆ ಜಾಲತಾಣ ಪದೇ ಪದೇ ನಿಂತುಹೋಗುತ್ತದೆ. ಡಿಡಾಸ್ ದಾಳಿ ಎಂದರು. ಬ್ಯಾಂಡ್‌ವಿಡ್ತ್ ಹೆಚ್ಚಿಸಿಕೊಂಡರೆ ಸಾಕೇ?

ಉತ್ತರ: ಹಣ ಕಟ್ಟುವ ಮೊದಲು ಸ್ವಲ್ಪ ತಾಳಿ. ಡಿಡಾಸ್ ಎಂದರೆ ಹಲವು ಯಂತ್ರಗಳಿಂದ ಒಟ್ಟಿಗೆ ಬೇಡಿಕೆಗಳನ್ನು ಸುರಿದು ತಾಣವನ್ನು ನಿಲ್ಲಿಸುವ ದಾಳಿ. ಬ್ಯಾಂಡ್‌ವಿಡ್ತ್ ಎಂದರೆ ನಿಮ್ಮಲ್ಲಿಗೆ ಬರುವ ರಸ್ತೆಯ ಅಗಲ ಮಾತ್ರ. ಉಡುಪಿಯ ಒಂದು ಊಟದ ಹೋಟೆಲನ್ನು ನೆನೆಸಿಕೊಳ್ಳಿ. ಅಲ್ಲಿನ ಕಲ್ಸಂಕ ವೃತ್ತದಲ್ಲಿ ವಾಹನಗಳು ಸಿಕ್ಕಿಕೊಂಡರೂ ಗಿರಾಕಿ ಬರಲಾರ, ಹೋಟೆಲಿನ ಮೇಜುಗಳು ತುಂಬಿದರೂ ಊಟ ಸಿಗದು, ಅಡುಗೆಮನೆ ಸೋತರೂ ಸಿಗದು. ಕಟ್ಟಿಕೊಂಡಿರುವುದು ಎಲ್ಲಿ ಎಂಬುದೇ ಇಲ್ಲಿ ಮುಖ್ಯ.

ರಸ್ತೆ ತುಂಬಿಸುವ ದಾಳಿಯಲ್ಲಿ ಐಸಿಎಂಪಿ, ಯುಡಿಪಿ ಎಂಬ ಬಗೆಯ ಪ್ಯಾಕೆಟ್‌ಗಳ (ದತ್ತಾಂಶದ ಸಣ್ಣ ಪೊಟ್ಟಣಗಳ) ರಾಶಿ ಬಂದು ಬೀಳುತ್ತದೆ. ಜಾಲದ ಕೆಲಸವನ್ನು ಹಂತಹಂತವಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಪದರಗಳಲ್ಲಿ ಇವು ಮೂರು ಮತ್ತು ನಾಲ್ಕನೆಯವು. 2018ರ ಫೆಬ್ರವರಿಯಲ್ಲಿ ತಂತ್ರಾಂಶ ಸಂಕೇತಗಳನ್ನು ಇಡುವ ಗಿಟ್‌ಹಬ್ ತಾಣದ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ದತ್ತಾಂಶ ಹರಿದುಬಂತು. ಅಷ್ಟನ್ನು ತಡೆದುಕೊಳ್ಳುವ ರಸ್ತೆಯನ್ನು ನೀವು ಕೊಳ್ಳಲಾರಿರಿ. ಸರ್ವರ್ ಮುಂದೆ ಬೇಡದ್ದನ್ನು ತಡೆಯುವ ಫೈರ್‌ವಾಲ್ ಇಟ್ಟರೂ ಅಷ್ಟರಲ್ಲಿ ರಸ್ತೆ ಕಟ್ಟಿಹೋಗಿರುತ್ತದೆ. ಸೇವೆ ಒದಗಿಸುವವರು ನಿಮ್ಮ ರಸ್ತೆಗೆ ಬರುವ ಮೊದಲೇ, ಮೇಲ್ಗಡೆಯೇ ಸೋಸಬೇಕು.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಮೇಜು ಹಿಡಿಯುವ ದಾಳಿ, ಅಂದರೆ ಸಿನ್ ಫ್ಲಡ್. ಎರಡು ಯಂತ್ರಗಳು ಮಾತಾಡಲು ಬಳಸುವ ಟಿಸಿಪಿ ಸಂಪರ್ಕಕ್ಕೆ ಮೂರು ಮಾತು ಬೇಕು: 'ಬರಲೇ?', 'ಬನ್ನಿ', 'ಬಂದೆ'. ಮೊದಲ ಮಾತಿನ ಹೆಸರೇ ಸಿನ್. ದಾಳಿಕೋರ ಸುಳ್ಳು ವಿಳಾಸದಿಂದ 'ಬರಲೇ?' ಎಂದು ಸಾವಿರಾರು ಬಾರಿ ಕೇಳುತ್ತಾನೆ, ಮೂರನೆಯ ಮಾತು ಬರುವುದೇ ಇಲ್ಲ. ಸರ್ವರ್ ಪ್ರತಿಯೊಬ್ಬರಿಗೂ ಮೇಜು ಕಾದಿರಿಸಿ ಕೂರುತ್ತದೆ. ಇದಕ್ಕೆ ಅಗಲ ರಸ್ತೆಯೇನೂ ಬೇಡ. 1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸಂಸ್ಥೆ ಹೀಗೆಯೇ ದಿನಗಟ್ಟಲೆ ನರಳಿತು. ಅದೇ ವರ್ಷ ಡ್ಯಾನಿಯಲ್ ಬರ್ನ್‌ಸ್ಟೈನ್ ಸೂಚಿಸಿದ ಸಿನ್ ಕುಕಿ ಉಪಾಯ ಇಂದಿಗೂ ಸರ್ವರ್‌ಗಳನ್ನು ಕಾಪಾಡುತ್ತಿದೆ: ಮೇಜು ಕಾದಿರಿಸಬೇಡ, ಲೆಕ್ಕ ಹಾಕಿದ ಒಂದು ಸಂಖ್ಯೆಯನ್ನು ಚೀಟಿಯಂತೆ ಕೊಟ್ಟು ಕಳಿಸು, ಅದನ್ನು ಹಿಡಿದು ಮರಳಿ ಬಂದವನಿಗೆ ಮಾತ್ರ ಜಾಗ ಕೊಡು. ಎಷ್ಟು ಸರಳ, ಎಷ್ಟು ಸೊಗಸು! ನಿಮ್ಮ ಸರ್ವರ್‌ನಲ್ಲಿ ಅದು ಚಾಲನೆಯಲ್ಲಿದೆಯೇ ಎಂದು ಹೋಸ್ಟಿಂಗ್‌ನವರನ್ನು ಕೇಳಿ.

ಅಡುಗೆಮನೆಯ ದಾಳಿ ಏಳನೆಯ ಪದರದ್ದು, ಅಂದರೆ ಜಾಲತಾಣದಂಥ ತಂತ್ರಾಂಶ ಕೆಲಸ ಮಾಡುವ ಪದರದ್ದು. ಇಲ್ಲಿ ಸಂಪರ್ಕವೂ ಸರಿ, ಬೇಡಿಕೆಯೂ ಸಭ್ಯ. ನಿಮ್ಮ ತಾಣದಲ್ಲಿ 'ಖಾಲಿ ಕೋಣೆ ಹುಡುಕಿ' ಎಂಬ ಗುಂಡಿ ಒತ್ತಿದಾಗಲೆಲ್ಲ ದತ್ತಾಂಶ ಕೋಶವನ್ನು ಜಾಲಾಡಬೇಕಾಗುತ್ತದೆ; ಅದನ್ನೇ ಯಂತ್ರಗಳು ಒತ್ತುತ್ತಿದ್ದರೆ ರಸ್ತೆ ಖಾಲಿಯಿದ್ದರೂ ತಾಣ ಕುಸಿಯುತ್ತದೆ. 2023ರಲ್ಲಿ ಗೂಗಲ್ ತಡೆದ ಒಂದು ದಾಳಿ ಸೆಕೆಂಡಿಗೆ 39.8 ಕೋಟಿ ಬೇಡಿಕೆಗಳನ್ನು ಮುಟ್ಟಿತ್ತು. ಬ್ರೌಸರ್ ಮತ್ತು ತಾಣ ಮಾತಾಡುವ ನಿಯಮಾವಳಿಯಾದ ಎಚ್‌ಟಿಟಿಪಿ/2ರಲ್ಲಿ ಬೇಡಿಕೆ ಸಲ್ಲಿಸಿ ತಕ್ಷಣ ರದ್ದು ಮಾಡುವ ತಂತ್ರವದು. ನೀರು ದೋಸೆ ಹೇಳಿ, ಹಿಟ್ಟು ಕಾವಲಿಗೆ ಬೀಳುತ್ತಿದ್ದಂತೆ ಬೇಡ ಎಂದಹಾಗೆ.

ಹಾಗಾಗಿ ಮುಂದಿನ ಸಲ ತಾಣ ನಿಂತಾಗ ಬ್ಯಾಂಡ್‌ವಿಡ್ತ್ ಬಳಕೆ, ಮೂರನೆಯ ಮಾತು ಬಾರದ ಅರೆಬರೆ ಸಂಪರ್ಕಗಳ ಸಂಖ್ಯೆ, ಸಿಪಿಯು ಹೊರೆ, ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಸರ್ವರ್ ಬರೆದಿಡುವ ದಾಖಲೆಯನ್ನು (ಲಾಗ್) ಅಳಿಸಬೇಡಿ. ಬಂದವರು ನಿಜವಾದ ಪ್ರವಾಸಿಗರೇ ಆಗಿರಲೂಬಹುದು. ರಜೆಯ ನೂಕುನುಗ್ಗಲೂ ಸರ್ವರ್‌ಗೆ ದಾಳಿಯಂತೆಯೇ ಕಾಣುತ್ತದೆ. ದಾಳಿಯೇ ಆಗಿದ್ದು, ನಿಮ್ಮ ಸರ್ವರ್ ಮುಂದೆ ನಿಂತು ಬೇಡಿಕೆಗಳನ್ನು ಸ್ವೀಕರಿಸುವ ಸಿಡಿಎನ್ ಸೇವೆಗೆ ಸೇರಿದರೆ, ಸರ್ವರ್‌ನ ಹಳೆಯ ಐಪಿ ವಿಳಾಸವನ್ನು ಬದಲಾಯಿಸಿ, ಸಿಡಿಎನ್ ಮೂಲಕವಲ್ಲದ ಬೇಡಿಕೆಗಳನ್ನು ಮುಚ್ಚಿಸಿ. ಇಲ್ಲದಿದ್ದರೆ ಹಳೆಯ ವಿಳಾಸ ಗೊತ್ತಿದ್ದವನು ಹಿತ್ತಿಲ ಬಾಗಿಲಿನಿಂದ ನೇರವಾಗಿ ಒಳಗೆ ನುಗ್ಗುತ್ತಾನೆ.